ಟೂ-ಇನ್-ಒನ್ ಬೇಕೇ? ಮೊದಲು ಒಂದು ವಾರದ ಲೆಕ್ಕ ಬರೆಯಿರಿ

ಅಣ್ಣನ ಮಗಳು ಈ ವರ್ಷ ಡಿಗ್ರಿಗೆ ಸೇರಿದಳು. ಸೇರಿದ ವಾರವೇ ನನಗೆ ಫೋನು. "ಚಿಕ್ಕಪ್ಪ, ಟೂ-ಇನ್-ಒನ್ ತಗಳನ ಹೇಳಿ. ಲ್ಯಾಪ್‌ಟಾಪೂ ಆಗ್ತು, ಟ್ಯಾಬೂ ಆಗ್ತು. ಎರಡು ಖರ್ಚು ಒಂದ್ರಲ್ಲೇ ಮುಗೀತು ಅಲ್ದಾ?"

ಶಿರಸಿ, ಕುಮಟಾ, ಕಾರವಾರ ಎಲ್ಲ ಕಡೆ ಮಕ್ಕಳು ಕಾಲೇಜಿಗೆ ಸೇರುವ ಹೊತ್ತಿಗೆ ಮನೆಮನೆಯಲ್ಲಿ ಏಳುವ ಪ್ರಶ್ನೆ ಇದು. ಅಡಿಕೆ ಮಾರಿದ ದುಡ್ಡಲ್ಲಿ ಒಮ್ಮೆ ಕೊಂಡರೆ ನಾಲ್ಕೈದು ವರ್ಷ ಅದರ ಜೊತೆಗೇ ಏಗಬೇಕು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಏನೇನು ನೋಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇದರಲ್ಲಿ ಎರಡು ಜಾತಿ ಇದೆ ಅನ್ನುವುದು ಗೊತ್ತಿರಲಿ. ಒಂದರಲ್ಲಿ ಕೀಬೋರ್ಡ್ ಪೂರ್ತಿ ಕಳಚಿ ಬರುತ್ತದೆ, ಕೈಯಲ್ಲಿ ಬರೀ ಸ್ಕ್ರೀನ್ ಉಳಿಯುತ್ತದೆ. 2012ರಲ್ಲಿ ಬಂದ ಮೈಕ್ರೋಸಾಫ್ಟ್ ಸರ್ಫೇಸ್ ಈ ಬಗೆಯದು. ಇನ್ನೊಂದರಲ್ಲಿ ಕೀಬೋರ್ಡ್ ಕಳಚುವುದಿಲ್ಲ, ಬಿಜಾಗರಿಯ ಮೇಲೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಲೆನೋವೋ ಯೋಗ ಇಂಥದ್ದು. ಅಂಗಡಿಯಲ್ಲಿ ಎರಡಕ್ಕೂ ಹೆಸರು ಒಂದೇ, ಬಳಕೆ ಮಾತ್ರ ತೀರಾ ಬೇರೆ.

ಒಂದು: ವಾರದ ಲೆಕ್ಕ

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ. ಒಂದಕ್ಕೆ 'ಟೈಪಿಂಗ್', ಇನ್ನೊಂದಕ್ಕೆ 'ಓದು, ಪೆನ್ನು' ಅಂತ ಹೆಸರಿಡಿ. ಏಳು ದಿನ ರಾತ್ರಿ ಮಲಗುವ ಮುಂಚೆ ಆ ದಿನ ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡಿ. ಈಗ ಮೊಬೈಲಲ್ಲಿ, ಕಾಗದದ ಮೇಲೆ ಮಾಡುತ್ತಿರುವ ಕೆಲಸವನ್ನೂ ಸೇರಿಸಿ. ಆಸೆಯನ್ನು ಮಾತ್ರ ಬರೆಯಬೇಡಿ. "ಮುಂದೆ ಚಿತ್ರ ಬಿಡಿಸಬೇಕು" ಅನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ನಾನೂ ಅವಳ ಜೊತೆ ಬರೆದೆ. ನನ್ನದು ಸಹಕಾರಿ ಸಂಘದ ಲೆಕ್ಕಪತ್ರದ ಕೆಲಸ. ಏಳೂ ದಿನ ಎಡಗಡೆ ಕಾಲಮ್ಮೇ ತುಂಬಿತು. ಅವಳದ್ದು ಹೆಚ್ಚುಕಡಿಮೆ ಅರ್ಧಕ್ಕರ್ಧ. ಕ್ಲಾಸಿನಲ್ಲಿ ರಾಸಾಯನಿಕ ರಚನೆಗಳನ್ನು ಕೈಯಲ್ಲಿ ಬಿಡಿಸುತ್ತಾಳೆ, ಮನೆಗೆ ಬಂದು ರೆಕಾರ್ಡ್ ಟೈಪ್ ಮಾಡುತ್ತಾಳೆ. ಎರಡೂ ಕಾಲಂ ದಿನಾ ತುಂಬುವವರಿಗೇ ಈ ಸಾಧನ ಹುಟ್ಟಿರುವುದು. ಒಂದೇ ಕಾಲಂ ತುಂಬಿದರೆ ಅದೇ ದುಡ್ಡಿಗೆ ಇನ್ನೂ ಒಳ್ಳೆ ಲ್ಯಾಪ್‌ಟಾಪು ಸಿಗುತ್ತದೆ, ಇಲ್ಲವೇ ಅರ್ಧ ದುಡ್ಡಿಗೆ ಒಳ್ಳೆ ಟ್ಯಾಬು.

ಎರಡು: ಮೊಗೆಕಾಯಿ ಹಿಡಿದು ನೋಡಿ

ಮಡಚುವ ಬಗೆಯ 14 ಇಂಚಿನ ಯಂತ್ರ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಸರ್ಫೇಸ್ ಪ್ರೋ 9 ಕೀಬೋರ್ಡ್ ಇಲ್ಲದೆ 879 ಗ್ರಾಂ. ಬರೀ ಟ್ಯಾಬು ಅರ್ಧ ಕೆಜಿ ಆಸುಪಾಸು. ಅಂಕಿ ಕೇಳಿದರೆ ಏನೂ ಅನ್ನಿಸುವುದಿಲ್ಲ. ಅದಕ್ಕೇ ಅಡುಗೆಮನೆಯಿಂದ ಒಂದೂವರೆ ಕೆಜಿಯ ಮೊಗೆಕಾಯಿ ತಂದು ಅವಳ ಎಡಗೈಯಲ್ಲಿಟ್ಟೆ. ಹತ್ತು ನಿಮಿಷ ಪುಸ್ತಕದಂತೆ ಹಿಡಿದುಕೋ ಅಂದೆ. ನಾಲ್ಕನೇ ನಿಮಿಷಕ್ಕೆ ಮಣಿಕಟ್ಟು ನೋವು ಅಂತ ಕೆಳಗಿಟ್ಟಳು. ಮಡಚುವ ಬಗೆ ಮೇಜಿನ ಮೇಲಿಟ್ಟು ಬರೆಯಲು ಚೆನ್ನ, ಕೈಯಲ್ಲಿ ಹಿಡಿದು ಓದಲು ಅಷ್ಟಕ್ಕಷ್ಟೇ.

ಕಳಚುವ ಬಗೆಗೆ ಬೇರೆ ಕೊರತೆ ಇದೆ. ಬೆನ್ನಿಗೆ ಆನಿಸುವ ಕಾಲು ಮೇಜಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲಿಟ್ಟರೆ ಸ್ಕ್ರೀನ್ ಹಿಂದಕ್ಕೆ ಜಾರುತ್ತದೆ, ಕೀಬೋರ್ಡ್ ಬಾಗುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳು ಓದುವುದು ಜಗಲಿಯ ಚಾಪೆಯ ಮೇಲೆಯೇ. ಮನೆಯಲ್ಲಿ ಮೇಜು ಇದೆಯೇ ಅನ್ನುವುದು ದೊಡ್ಡ ಪ್ರಶ್ನೆ.

ಮೂರು: ನಿಮ್ಮ ಫೈಲು ಅದರಲ್ಲಿ ತೆರೆಯುತ್ತದೆಯೇ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ದುಡ್ಡು ಕೊಟ್ಟ ಮೇಲೆ ಪಶ್ಚಾತ್ತಾಪ ಪಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ನಮ್ಮ ಪಕ್ಕದ ಮನೆಯ ಯಕ್ಷಗಾನ ಭಾಗವತರ ಹತ್ತಿರ ಪ್ರಸಂಗದ ಪದ್ಯಗಳೆಲ್ಲ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿಟ್ಟ ಫೈಲಿನಲ್ಲಿದ್ದವು. ಮಗ ತಂದುಕೊಟ್ಟ ಆಂಡ್ರಾಯ್ಡ್ ಟ್ಯಾಬಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಸ್ಕ್ರೀನ್ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತದೆ. ಆ ಫಾಂಟ್ ಇಲ್ಲದ ಕಡೆ ಒಳಗಿನದ್ದು ಹಾಗೇ ಕಾಣುತ್ತದೆ. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು ಎಲ್ಲವನ್ನೂ ಪಿಡಿಎಫ್ ಮಾಡಿಕೊಟ್ಟೆ. ಅವರು ಟ್ಯಾಬನ್ನು ವ್ಯಾಸಪೀಠದ ಮೇಲಿಟ್ಟು, ಎರಡು ಬೆರಳಲ್ಲಿ ಪದ್ಯ ಹಿಗ್ಗಿಸಿ ನೋಡಿ, "ಅಕ್ಷರ ಚೊಲೊ ಕಾಣ್ತು ತಮಾ" ಅಂದರು. ಅವರಿಗೆ ಬೇಕಿದ್ದದ್ದು ಅಷ್ಟೇ. ಕೀಬೋರ್ಡಿಗೆ ದುಡ್ಡು ಹಾಕಿದ್ದರೆ ಸುಮ್ನೆ ದಂಡ.

ಹಾಗಾಗಿ ದಿನಾ ಬಳಸುವ ತಂತ್ರಾಂಶಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕನ್ನಡ ಟೈಪಿಂಗಿನ ನುಡಿ, ಲೆಕ್ಕಪತ್ರದ ಟ್ಯಾಲಿ ವಿಂಡೋಸಿನವು. ಇವುಗಳನ್ನು ಐಪ್ಯಾಡಿನಲ್ಲಿ, ಆಂಡ್ರಾಯ್ಡಿನಲ್ಲಿ ನೇರವಾಗಿ ಹಾಕಿಕೊಳ್ಳಲು ಆಗುವುದಿಲ್ಲ. ಕೀಬೋರ್ಡ್ ಕವರ್ ಹಾಕಿದ ತಕ್ಷಣ ಟ್ಯಾಬು ಲ್ಯಾಪ್‌ಟಾಪ್ ಆಗಿಬಿಡುತ್ತದೆ ಅಂತ ನಂಬಬೇಡಿ.

ವಿಂಡೋಸ್ ಅಂದಮೇಲೂ ಎರಡು ಮಾತು ಕೇಳಿ. ಒಂದು, ಅದು 'ಎಸ್ ಮೋಡ್'ನಲ್ಲಿದೆಯೇ? ಇದ್ದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುವುದು ಬಿಟ್ಟು ಬೇರೇನೂ ಇನ್‌ಸ್ಟಾಲ್ ಆಗುವುದಿಲ್ಲ. ಖರ್ಚಿಲ್ಲದೆ ಅದರಿಂದ ಹೊರಗೆ ಬರಬಹುದು, ಮತ್ತೆ ಒಳಗೆ ಹೋಗಲು ಆಗದು. ಎರಡು, ಪ್ರೊಸೆಸರ್ ಯಾವುದು? ಸ್ನಾಪ್‌ಡ್ರ್ಯಾಗನ್ ಆದರೆ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಸಾಮಾನ್ಯ ಕೆಲಸವೂ ನಡೆಯುತ್ತದೆ. ಆದರೆ ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವಕ್ಕೆ ಆ ಪ್ರೊಸೆಸರಿಗೆಂದೇ ಮಾಡಿದ ಡ್ರೈವರ್, ಅಂದರೆ ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ಬೇಕು. ಅದು ಇಲ್ಲದಿದ್ದರೆ ಆ ಯಂತ್ರ ಕೆಲಸ ಮಾಡುವುದಿಲ್ಲ. ಸಂಘದಲ್ಲಿ, ಸೈಬರ್ ಅಂಗಡಿಯಲ್ಲಿ ಕೆಲಸ ಮಾಡುವವರು ಇದನ್ನು ಖಂಡಿತ ನೋಡಬೇಕು.

ನಾಲ್ಕು: ಪೂರ್ತಿ ಬೆಲೆ ಕೂಡಿಸಿ

ಜಾಹೀರಾತಿನ ಚಿತ್ರದಲ್ಲಿ ಕೀಬೋರ್ಡು, ಪೆನ್ನು ಎರಡೂ ಇರುತ್ತವೆ. ಡಬ್ಬಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಒಳ್ಳೆ ಕಂಪನಿಯವು ಎರಡೂ ಸೇರಿದರೆ ಹತ್ತಿಪ್ಪತ್ತು ಸಾವಿರ ಸಲೀಸಾಗಿ ಏರುತ್ತದೆ. ಇಂಥ ಯಂತ್ರಗಳಲ್ಲಿ ರ್‍ಯಾಮ್ ಸಾಮಾನ್ಯವಾಗಿ ಬೆಸುಗೆ ಹಾಕಿಯೇ ಬಂದಿರುತ್ತದೆ, ಆಮೇಲೆ ಸೇರಿಸಲು ಬರುವುದಿಲ್ಲ. ವಿಂಡೋಸಿಗೆ 8 ಜಿಬಿಗಿಂತ ಕಡಿಮೆ ಬೇಡವೇ ಬೇಡ. ನಾಲ್ಕೈದು ವರ್ಷ ಬಾಳಬೇಕಾದರೆ 16 ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ವಿಂಡೋಸ್ 11 ನಡೆಯುತ್ತದೆಯೇ ಕೇಳಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಐದು: ನಮ್ಮ ಮಳೆ, ನಮ್ಮ ದಾರಿ

ಇದನ್ನು ನಾನು ಅನುಭವಿಸಿಯೇ ಕಲಿತೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬೈಕಲ್ಲಿ ಬರುತ್ತಿದ್ದೆ. ಬ್ಯಾಗಿಗೆ ಮಳೆಕವಚ ಹಾಕಿದ್ದೆ. ಆದರೂ ತಳದಲ್ಲಿ ನೀರು ನಿಂತಿತ್ತು. ಮನೆಗೆ ಬಂದು ಕಳಚುವ ಕೀಬೋರ್ಡ್ ತೆಗೆದರೆ ಅಂಚಿನ ಬಟ್ಟೆ ಒದ್ದೆ. ಮಾರನೇ ದಿನ ಮಧ್ಯದ ಸಾಲಿನ ಒಂದು ಕೀಲಿಯೂ ಕೆಲಸ ಮಾಡಲಿಲ್ಲ. ನೂರು ಕಿಲೋಮೀಟರು ದಾಟಿ ಹುಬ್ಬಳ್ಳಿಗೆ ಹೋದೆ. ನೀರು ತಾಗಿದ್ದು ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಬಿಡಿ ಕೀಬೋರ್ಡ್ ಬರಲು ಇಪ್ಪತ್ತು ದಿನ ಕಾದೆ. ಅಷ್ಟು ದಿನ ಸಂಘದ ಕೆಲಸಕ್ಕೆ ಬೇರೆಯವರ ಕಂಪ್ಯೂಟರನ್ನು ಕೇಳಿಕೊಂಡು ಕೂತೆ. ಬಹಳ ಬೇಜಾರಾಗಿತ್ತು.

ಕಾರವಾರ, ಅಂಕೋಲಾದವರು ಇನ್ನೂ ಒಂದು ನೋಡಬೇಕು. ಸ್ಕ್ರೀನಿಗೆ ಕೀಬೋರ್ಡ್ ಸೇರುವ ಕಡೆ ಚಿಕ್ಕ ಲೋಹದ ಚುಕ್ಕೆಗಳು ತೆರೆದೇ ಇರುತ್ತವೆ. ಕಡಲ ಗಾಳಿಯ ಉಪ್ಪು ಅದರ ಮೇಲೆ ಕೂರದಂತೆ ಒಣ ಬಟ್ಟೆಯಲ್ಲಿ ಆಗಾಗ ಒರೆಸಿ. ಕರೆಂಟು ಕೈಕೊಡುವ ಊರಾದರೆ ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದನ್ನೇ ಆರಿಸಿ. 45 ವ್ಯಾಟ್ ಕೊಡುವ ಪವರ್ ಬ್ಯಾಂಕಿನಿಂದಲೂ ಸಾಮಾನ್ಯವಾಗಿ ಕೆಲಸ ಮುಂದುವರಿಸಬಹುದು. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಅಂಗಡಿಯವರನ್ನು ಕೇಳಿ, ಅಲ್ಲಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಆರು: ಅಂಗಡಿಯಲ್ಲಿ

ನಿಮ್ಮದೇ ಎರಡು ಮೂರು ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಕನ್ನಡದ್ದೊಂದು ಇರಲಿ. ಪೆನ್ನು ಕೇಳಿ ಪಡೆದು, ಅಂಗೈಯನ್ನು ಸ್ಕ್ರೀನಿನ ಮೇಲೆ ಊರಿಯೇ ಬರೆಯಿರಿ. ಅಂಗೈ ತಾಗಿದಲ್ಲಿ ಗೀರು ಬಿದ್ದರೆ ಆ ಮಾದರಿ ನೋಟ್ಸಿಗೆ ಆಗುವುದಿಲ್ಲ. ಅಣ್ಣನ ಮಗಳು ಬೆಂಜೀನ್ ಉಂಗುರವನ್ನು ಹತ್ತು ಸಲ ಬಿಡಿಸಿ ನೋಡಿದಳು. ಮೊದಲ ಮಾದರಿಯಲ್ಲಿ ಗೆರೆ ಪೆನ್ನಿಗಿಂತ ಹಿಂದೆ ಉಳಿಯುತ್ತಿತ್ತು. ಎರಡನೆಯದರಲ್ಲಿ ಕಾಗದದ ಮೇಲೆ ಬರೆದಂತೆ ಬಂತು. ಅವಳ ಕೋಣೆಯಲ್ಲಿ ಮೇಜು ಇದೆ, ಕಾಲೇಜಿಗೆ ಬಸ್ಸಲ್ಲಿ ಹೋಗುತ್ತಾಳೆ. ಎರಡನೆಯದನ್ನೇ ಕೊಂಡೆವು, ಮಡಚುವ ಬಗೆಯದು. ನಾನು ಮಾತ್ರ ಈಗ ಸಾದಾ ಲ್ಯಾಪ್‌ಟಾಪಿಗೆ ವಾಪಸ್ ಬಂದಿದ್ದೇನೆ.

ಬಿಲ್ಲು ಮಾಡಿಸುವಾಗ ಪೆನ್ನು, ಕೀಬೋರ್ಡು ಬೇರೆಯಾಗಿ ಕೊಂಡಿದ್ದರೆ ಅವುಗಳ ಸೀರಿಯಲ್ ನಂಬರನ್ನೂ ಬರೆಸಿಕೊಳ್ಳಿ. ಅವುಗಳ ವಾರಂಟಿ ಬೇರೆಯೇ ಇರುತ್ತದೆ. ಬಿಲ್ಲಿನ ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ, ಆ ಶಾಯಿ ಒಂದೇ ಮಳೆಗಾಲಕ್ಕೆ ಮಾಸಿಹೋಗುತ್ತದೆ.