ಮಕ್ಕಳಿಗೆ ತಾವಾಗಿಯೇ ಪ್ರಾರ್ಥಿಸುವ ಅಭ್ಯಾಸ

ಕಾರವಾರ, ಹೊನ್ನಾವರದ ಕಡೆಯ ಎಷ್ಟೋ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರ (ಮಣಿಸರ ಹಿಡಿದು ಹೇಳುವ ಪ್ರಾರ್ಥನೆ) ಕೊಂಕಣಿಯಲ್ಲಿ, ಶಾಲೆಯ ಓದು ಕನ್ನಡದಲ್ಲಿ. ಮಗು ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಅಳುತ್ತದೋ ಅದರಲ್ಲೇ ದೇವರ ಹತ್ತಿರವೂ ಮಾತಾಡಲಿ. ಮಧ್ಯೆ ತಿದ್ದಬೇಡಿ.

ಆರೇಳು ವರ್ಷದವರಿಗೆ 3 ನಿಮಿಷ ಸಾಕು. ಶಿಲುಬೆಯ ಗುರುತು, ಇವತ್ತಿನ ಒಂದು ಖುಷಿಗೆ ಕೃತಜ್ಞತೆ, ಒಂದು ತಪ್ಪಿಗೆ ಕ್ಷಮೆ, ಒಬ್ಬರಿಗಾಗಿ ಬೇಡಿಕೆ: ದೋಣಿಯಲ್ಲಿ ಹೋದ ಅಪ್ಪನಿಗಾಗಿಯೋ, ಜ್ವರ ಬಂದ ಗೆಳತಿಗಾಗಿಯೋ. ಕೊನೆಗೆ ಅರ್ಧ ನಿಮಿಷ ಮೌನ. ಇದನ್ನು ದಯವಿಟ್ಟು ಬಿಡಬೇಡಿ; ಕೇಳಿಸಿಕೊಳ್ಳುವುದೂ ಪ್ರಾರ್ಥನೆಯೇ. ಮಲಗುವ ಹೊತ್ತಿಗೆ ಇಟ್ಟರೆ ತೂಕಡಿಸುತ್ತಾರೆ, ಊಟಕ್ಕೆ ಮುಂಚೆಯೇ ಮುಗಿಸಿ.

ಹದಿಹರೆಯದವರಿಗೆ ಏಕಾಂತ ಬೇಕು. ಬೈಬಲಿನ ಮತ್ತಾಯ 6:6ರಲ್ಲಿ ಯೇಸು ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಹೇಳುತ್ತಾನೆ. ಮೊಬೈಲ್ ಹೊರಗಿರಲಿ. ಬೈಬಲಿನ ಒಂದು ಕೀರ್ತನೆಯನ್ನು ನಿಧಾನವಾಗಿ ಎರಡು ಸಲ ಓದಿ, ಮನಸ್ಸಿಗೆ ತಟ್ಟಿದ ಸಾಲನ್ನು ಹಿಡಿದು ಐದು ನಿಮಿಷ ದೇವರೊಡನೆ ಮಾತಾಡಲಿ. 13ನೆಯ ಕೀರ್ತನೆಯಿಂದ ಶುರುಮಾಡಿಸಿ: ಅದು ದೂರಿನಿಂದಲೇ ಆರಂಭವಾಗುತ್ತದೆ, ಸಿಟ್ಟು, ಬೇಸರವನ್ನೂ ದೇವರಿಗೆ ಹೇಳಬಹುದೆಂದು ಅವರಿಗೆ ಗೊತ್ತಾಗುತ್ತದೆ. ಪ್ರಾರ್ಥನೆಯನ್ನು ಬರೆದಿಟ್ಟ ನೋಟ್‌ಬುಕ್ ತೆರೆದು ನೋಡಲೇಬೇಡಿ. ಒಮ್ಮೆ ನೋಡಿದರೆ ಮುಂದೆ ಅವರು ಬರೆಯುವುದು ನಿಮಗಾಗಿ.

ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಜಪಸರ ಹೇಳಿಸುವುದೂ ಬೇಡ.