ಕರೆಂಟ್ ಹೋದಾಗ, ಕರೆಂಟ್ ಬಂದಾಗ

ಕೊಪ್ಪ, ತೀರ್ಥಹಳ್ಳಿ, ಶೃಂಗೇರಿಯಂಥ ಊರುಗಳಲ್ಲಿ ಮಳೆಗಾಲ ಹಿಡಿದರೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಲೈನಿನ ಮೇಲೆ ಕೊಂಬೆ ಬಿದ್ದರೆ ಒಂದೆರಡು ಗಂಟೆ, ಕಂಬವೇ ಮುರಿದರೆ ಎರಡು ಮೂರು ದಿನ. ಹೋದ ಕೂಡಲೇ ಹೊರಗೆ ಇಣುಕಿ ನೋಡಿ. ಪಕ್ಕದ ಮನೆಯಲ್ಲಿ ದೀಪ ಇದ್ದರೆ ನಿಮ್ಮ ಮನೆಯ ಎಂಸಿಬಿ (ತೊಂದರೆಯಾದಾಗ ತಾನಾಗಿ ಬೀಳುವ ಸ್ವಿಚ್ಚು) ಬಿದ್ದಿರಬಹುದು. ಎತ್ತಿದ ಕೂಡಲೇ ಮತ್ತೆ ಬಿದ್ದರೆ ಒತ್ತಿ ಹಿಡಿಯಬೇಡಿ. ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದೊಂದಾಗಿ ಹಾಕುತ್ತಾ ಬಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ನೀರು ಇಳಿದ ಅಂಗಳದ ಹೋಲ್ಡರನ್ನೋ ಗೀಸರಿನ ಕಾಯಿಲನ್ನೋ ಮೊದಲು ಅನುಮಾನಿಸಿ. ಬೀದಿಗೆಲ್ಲ ಹೋಗಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬಿಲ್ಲಿನ ಆರ್.ಆರ್. ನಂಬರನ್ನು (ನಿಮ್ಮ ಮನೆ ಸಂಪರ್ಕದ ಗುರುತಿನ ಸಂಖ್ಯೆ) ಮೀಟರ್ ಬೋರ್ಡಿನ ಮೇಲೆ ದಪ್ಪಗೆ ಬರೆದಿಟ್ಟರೆ ಕತ್ತಲಲ್ಲಿ ಹುಡುಕುವ ಪರದಾಟ ಇಲ್ಲ. ಯಾವ ಟಿಸಿ (ಟ್ರಾನ್ಸ್‌ಫಾರ್ಮರ್), ಯಾವ ತಿರುವಿನಲ್ಲಿ ಮರ ಬಿದ್ದಿದೆ ಎಂದು ಗುರುತು ಹೇಳಿದರೆ ಲೈನ್‌ಮನ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ತಂತಿ ನೆಲಕ್ಕೆ ಬಿದ್ದಿದ್ದರೆ ಅದು ಸತ್ತಿದೆ ಎಂದುಕೊಳ್ಳಬೇಡಿ. ಒದ್ದೆ ನೆಲದಲ್ಲೂ ಕರೆಂಟ್ ಹರಿಯುತ್ತದೆ, ದನಗಳನ್ನೂ ಆ ಕಡೆ ಬಿಡಬೇಡಿ.

ಇನ್ವರ್ಟರ್ ಇದ್ದವರು ಲೆಕ್ಕ ಕಲಿಯಬೇಕು. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯನ್ನು 12 ವೋಲ್ಟಿಗೆ ಗುಣಿಸಿದರೆ 1800 ವ್ಯಾಟ್-ಅವರ್. ಇನ್ವರ್ಟರ್ ತಾನೇ ತಿನ್ನುವುದನ್ನೂ ಬ್ಯಾಟರಿ ಪೂರ್ತಿ ಬರಿದಾಗದಂತೆ ಉಳಿಸಬೇಕಾದ್ದನ್ನೂ ಕಳೆದರೆ ಕೈಗೆ ಸಿಗುವುದು ಸಾವಿರದ ಆಸುಪಾಸು. 75 ವ್ಯಾಟಿನ ಹಳೆ ಫ್ಯಾನ್ ಎರಡು, 9 ವ್ಯಾಟಿನ ಎಲ್‌ಇಡಿ ಐದು, ಜತೆಗೊಂದು ವೈಫೈ ಡಬ್ಬಿ ಓಡಿದರೆ ಐದು ಗಂಟೆಗೆ ಮುಗಿಯಿತು. ಹಳೆ ಫ್ಯಾನನ್ನು ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಅದೇ ಬ್ಯಾಟರಿ ಎಂಟು ಗಂಟೆ ದಾಟುತ್ತದೆ. (ಮಲೆನಾಡಿನ ಮಳೆಯಲ್ಲಿ ಫ್ಯಾನ್ ಬೇಕಾಗುವುದು ಬಟ್ಟೆ ಒಣಗಿಸಲಿಕ್ಕೇ ಹೊರತು ಮಲಗಲಿಕ್ಕಲ್ಲ, ಅದು ಬೇರೆ ಮಾತು.) ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ರಿಜ್ಜನ್ನು ಇನ್ವರ್ಟರ್ ಲೈನಿಗೆ ಕೊಡಬೇಡಿ. ಎಚ್ಚರಿಕೆಯ ಕೂಗು ಕೇಳಿದ ಮೇಲೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಇನ್ನಷ್ಟು ಹಿಂಡುವವರಿದ್ದಾರೆ. ಹಾಗೆ ಬರಿದಾಗಿ ದಿನಗಟ್ಟಲೆ ಚಾರ್ಜಿಲ್ಲದೆ ಕೂತರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮುಂದೆ ಚಾರ್ಜ್ ಹಿಡಿಯುವುದಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಬ್ಯಾಟರಿಯ ನೀರಿನ ಮಟ್ಟ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ, ಬೋರಿನ ನೀರಿನ ಲವಣ ಪ್ಲೇಟನ್ನು ಕೆಡಿಸುತ್ತದೆ. ಆಸಿಡ್ ಸೇರಿಸುವುದೂ ತಪ್ಪು, ಕಡಿಮೆಯಾಗುವುದು ನೀರು ಮಾತ್ರ. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ ಪೂರ್ತಿ ಚಾರ್ಜ್ ಆದ ಮೇಲೆ ತುಂಬಿಸಿ, ಇಲ್ಲದಿದ್ದರೆ ಉಕ್ಕಿ ಹೊರಗೆ ಚೆಲ್ಲುತ್ತದೆ. ಟರ್ಮಿನಲ್ಲಿಗೆ ಬಿಳಿ-ಹಸಿರು ಪುಡಿ ಹತ್ತಿದ್ದರೆ ಇನ್ವರ್ಟರ್ ಆಫ್ ಮಾಡಿ, ಅದರ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಆ ನೀರು ಬ್ಯಾಟರಿಯ ಒಳಗಿಳಿಯಬಾರದು. ಒಣಗಿದ ಮೇಲೆ ನಟ್ಟು ಬಿಗಿದು ವ್ಯಾಸಲಿನ್ ಹಚ್ಚಿ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಅದರ ಜಾಗ ದೇವರ ದೀಪದಿಂದ ದೂರ, ಗಾಳಿಯಾಡುವಲ್ಲಿ ಇರಲಿ.

ಸಾಮಾನು ಸುಡುವುದು ಹೆಚ್ಚಾಗಿ ಕರೆಂಟ್ ವಾಪಸ್ ಬರುವಾಗ. ಹೋದೊಡನೆ ಫ್ರಿಜ್, ಟಿವಿ, ಪಂಪು ಆಫ್ ಮಾಡಿ, ಇನ್ವರ್ಟರಿಗೆ ಸೇರದ ಒಂದು ಬಲ್ಬು ಮತ್ತು ಒಂದು ಹಳೆ ಫ್ಯಾನ್ ಮಾತ್ರ ಆನ್ ಇಡಿ. ಫ್ಯಾನ್ ಯಾಕೆಂದರೆ, ಈಗಿನ ಎಲ್‌ಇಡಿ ವೋಲ್ಟೇಜ್ ಇಳಿದರೂ ಬೆಳಗುತ್ತಲೇ ಇರುತ್ತದೆ, ಫ್ಯಾನ್ ಮಾತ್ರ ತೆವಳುತ್ತದೆ. ಅದು ತೆವಳುವಾಗ ಪಂಪು ಹಾಕಿದರೆ ಕಾಯಿಲ್ ಸುಟ್ಟೀತು. ಬಂದ ಮೇಲೂ ಐದು ನಿಮಿಷ ಕಾಯಿರಿ. ಫ್ರಿಜ್ಜಿನ ಕಂಪ್ರೆಸರಿನ ಗ್ಯಾಸ್ ಒತ್ತಡ ಸಮ ಆಗುವ ಮೊದಲೇ ಚಾಲೂ ಆದರೆ ಮೋಟಾರು ತಿರುಗಲಾರದೆ ಬಿಸಿಯಾಗುತ್ತದೆ. ದೀಪ ಎಂದಿಗಿಂತ ಪ್ರಖರವಾಗಿ ಉರಿದು, ಫ್ಯಾನ್ ಹುಚ್ಚೆದ್ದು ತಿರುಗಿದರೆ ಎಲ್ಲೋ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ತುಂಡಾಗಿದೆ: 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಹೋಗಬಹುದು. ಯೋಚಿಸುತ್ತಾ ನಿಲ್ಲದೆ ಮೇನ್ ಇಳಿಸಿ. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಡಿಶ್ಶಿನ ವೈರನ್ನೂ. ಸ್ವಿಚ್ಚಿನ ಒಳಗಿನ ಸಣ್ಣ ಸಂದನ್ನು ಸಿಡಿಲು ಹಾರಿ ದಾಟುತ್ತದೆ.

ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವುದು ಕೊಲೆಗೆ ಸಮ. ಅದು ಸರ್ವಿಸ್ ವೈರಿನಿಂದ ಹಿಂದಕ್ಕೆ ಹರಿದು, ಟಿಸಿಯಲ್ಲಿ ಸಾವಿರಾರು ವೋಲ್ಟಾಗಿ, ಕಂಬದ ಮೇಲಿರುವವನನ್ನು ಹೊಡೆಯುತ್ತದೆ. ಲೈನ್ ಇಲ್ಲವೇ ಜನರೇಟರ್, ಒಮ್ಮೆಗೆ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಹೊಗೆ ಒಳಗೆ ಬಾರದಂತೆ ಜನರೇಟರನ್ನು ಹೊರಗಿಡಿ.

ಅಡುಗೆಮನೆಯದು ಸುಲಭ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪಿರುತ್ತದೆ. ಫ್ರೀಜರಿನ ಖಾಲಿ ಜಾಗಕ್ಕೆ ಮುಕ್ಕಾಲು ನೀರು ತುಂಬಿದ ಬಾಟಲಿಗಳನ್ನು ಮೊದಲೇ ಇಟ್ಟಿದ್ದರೆ ಇನ್ನೂ ಹೆಚ್ಚು. ತುರಿದ ಕಾಯಿ ಬೇಗ ಹಳಸುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಬೇಕಾದಷ್ಟೇ ಒಡೆಯಿರಿ. ಹಾಲು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಉಕ್ಕುವಷ್ಟು ಕಾಯಿಸಿ. ದೋಸೆಹಿಟ್ಟಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರನ್ನು ಆಗಾಗ ಬದಲಿಸಿದರೆ ಹುಳಿ ನಿಧಾನವಾಗುತ್ತದೆ. ಮೋಡ ಕವಿಯುವುದು ಕಂಡರೆ ಬೇರೆಲ್ಲಕ್ಕಿಂತ ಮೊದಲು ಪಂಪು ಹಾಕಿ ಟ್ಯಾಂಕ್ ತುಂಬಿಸಿಕೊಳ್ಳಿ.