ಬಿಸಿನೆಸ್ ಲ್ಯಾಪ್‌ಟಾಪ್: ಕೊಳ್ಳುವ ಮೊದಲೇ ಒಳಗೇನಿದೆ ಎಂದು ನೋಡಿ

ಲ್ಯಾಪ್‌ಟಾಪ್ ಕೊಳ್ಳುವಾಗ ನಾವು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ಆಮೇಲೆ ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು. ಐದಾರು ವರ್ಷ ದುಡಿಯಬೇಕಾದ ಬಿಸಿನೆಸ್ ಲ್ಯಾಪ್‌ಟಾಪ್‌ಗೆ ಇಷ್ಟು ಸಾಲದು. ಇದರಲ್ಲಿ ಯಾವ ಭಾಗವನ್ನು ನಾಳೆ ಬದಲಾಯಿಸಬಹುದು, ಯಾವುದನ್ನು ಆಗುವುದೇ ಇಲ್ಲ ಎಂದೂ ಕೇಳಬೇಕು. ಬೋರ್ಡ್‌ಗೆ (ಅಂದರೆ ಒಳಗಿನ ಮುಖ್ಯ ಮದರ್‌ಬೋರ್ಡ್‌ಗೆ) ಬೆಸುಗೆ ಹಾಕಿರುವುದಕ್ಕೆ ಇವತ್ತೇ ದುಡ್ಡು ಹಾಕಿ. ಸ್ಲಾಟ್‌ನಲ್ಲಿ ಕೂರುವುದನ್ನು ಸದ್ಯಕ್ಕೆ ಕಡಿಮೆಯಲ್ಲೇ ತೆಗೆದುಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಹೆಜ್ಜೆ 1: ಸರ್ವಿಸ್ ಮ್ಯಾನುಯಲ್ ಓದಿ

ಜಾಹೀರಾತಿನಲ್ಲಿ '16 ಜಿಬಿ' ಎಂದಷ್ಟೇ ಇರುತ್ತದೆ. ಅದು ಸ್ಲಾಟ್‌ನಲ್ಲಿದೆಯೋ ಬೋರ್ಡ್‌ಗೆ ಅಂಟಿಕೊಂಡಿದೆಯೋ ಹೇಳುವುದಿಲ್ಲ. ಅದನ್ನು ಹೇಳುವುದು ಸರ್ವಿಸ್ ಮ್ಯಾನುಯಲ್. ಲೆನೊವೊ ಇದನ್ನು ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನುಯಲ್ ಎನ್ನುತ್ತದೆ. ಎಚ್‌ಪಿಯದು ಮೇಂಟೆನೆನ್ಸ್ ಆ್ಯಂಡ್ ಸರ್ವಿಸ್ ಗೈಡ್. ಡೆಲ್ ಕೂಡ ತನ್ನ ಸಪೋರ್ಟ್ ಪುಟದಲ್ಲಿ ಕೊಡುತ್ತದೆ. ಮೂರೂ ಉಚಿತ. ಲ್ಯಾಪ್‌ಟಾಪ್ ಕೊಳ್ಳದವರೂ ಇಳಿಸಿಕೊಳ್ಳಬಹುದು.

ಎಲ್ಲವನ್ನೂ ಓದಬೇಕಿಲ್ಲ. 'ಮೆಮೊರಿ ಮಾಡ್ಯೂಲ್ ತೆಗೆಯುವುದು' ಎಂಬ ಅಧ್ಯಾಯ ಇದೆಯಾ ನೋಡಿ. ಇಲ್ಲದಿದ್ದರೆ ರ‍್ಯಾಮ್ ಬೋರ್ಡ್‌ಗೆ ಬೆಸೆದಿದೆ ಎಂದೇ ತಿಳಿಯಿರಿ. ಹಾಗೆಯೇ ಕೀಬೋರ್ಡ್ ಅಧ್ಯಾಯವನ್ನೂ ತೆರೆಯಿರಿ. ಕೀಬೋರ್ಡ್ ತೆಗೆಯುವ ಮೊದಲು ಬೇರೆ ಏನೇನು ತೆಗೆಯಬೇಕು ಎಂಬ ಪಟ್ಟಿ ಅಲ್ಲಿರುತ್ತದೆ. ಪಟ್ಟಿಯಲ್ಲಿ ಮದರ್‌ಬೋರ್ಡ್ ಇದ್ದರೆ, ಒಂದು ಲೋಟ ನೀರು ಚೆಲ್ಲಿದರೂ ರಿಪೇರಿ ದುಬಾರಿ.

ಹೆಜ್ಜೆ 2: ರ‍್ಯಾಮ್ ವಿಷಯದಲ್ಲಿ ಅವಸರ ಬೇಡ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮಾದರಿಯ ಹೆಸರು ನಂಬಿದರೆ ಸಾಲದು ಎನ್ನಲು ಲೆನೊವೊದ ಥಿಂಕ್‌ಪ್ಯಾಡ್ ಟಿ14 ಒಳ್ಳೆಯ ಉದಾಹರಣೆ. ಮೊದಲ ಪೀಳಿಗೆಯಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡ್ ಮೇಲಿತ್ತು, ಜೊತೆಗೆ ಒಂದು ಸ್ಲಾಟ್. ನಾಲ್ಕನೇ ಪೀಳಿಗೆಯ ಇಂಟೆಲ್ ಆವೃತ್ತಿಯಲ್ಲೂ ಸ್ಲಾಟ್ ಉಳಿಯಿತು. ಅದೇ ಪೀಳಿಗೆಯ ಎಎಂಡಿ ಆವೃತ್ತಿಯಲ್ಲಿ ಎಲ್ಲ ರ‍್ಯಾಮ್ ಬೋರ್ಡ್‌ಗೇ ಹೋಯಿತು. 2024ರ ಐದನೇ ಪೀಳಿಗೆಯಲ್ಲಿ ಎರಡು ಪೂರ್ತಿ ಸ್ಲಾಟ್‌ಗಳು ಬಂದವು. ಹೆಸರಿನ ಕೊನೆಗೆ 'ಎಸ್' ಸೇರಿದ ಟಿ14ಎಸ್ ಕೊಂಡರೆ ಸ್ಲಾಟ್ ಸಿಗುವುದೇ ಇಲ್ಲ. ಹೆಸರು ಒಂದೇ, ಒಳಗಿನ ಕಥೆ ಬೇರೆ ಬೇರೆ. ಹಾಗಾಗಿ ಪೀಳಿಗೆ ಮತ್ತು ಪ್ರೊಸೆಸರ್ ಎರಡನ್ನೂ ಸೇರಿಸಿಯೇ ಹುಡುಕಿ. ಲೆನೊವೊದ ಪಿಎಸ್‌ಆರ್‌ಇಎಫ್ ಎಂಬ ಸ್ಪೆಸಿಫಿಕೇಶನ್ ತಾಣದಲ್ಲಿ ಸ್ಲಾಟ್ ಎಷ್ಟು, ಗರಿಷ್ಠ ರ‍್ಯಾಮ್ ಎಷ್ಟು ಎಂದು ನೇರವಾಗಿ ಬರೆದಿರುತ್ತದೆ.

ಬೆಸುಗೆ ಹಾಕುವುದು ಬರೀ ಲಾಭದಾಸೆಯಿಂದ ಎನ್ನುವುದು ಸರಿಯಲ್ಲ. ಎಲ್‌ಪಿಡಿಡಿಆರ್ ಎಂಬ ಬಗೆಯ ಮೆಮೊರಿ ಕಡಿಮೆ ವಿದ್ಯುತ್ತಿನಲ್ಲಿ ಜಾಸ್ತಿ ವೇಗ ಕೊಡುತ್ತದೆ. ಅದಕ್ಕೆ ಪ್ರೊಸೆಸರ್‌ಗೆ ತೀರಾ ಹತ್ತಿರ, ಗಟ್ಟಿ ಸಂಪರ್ಕದಲ್ಲಿ ಇರಬೇಕು. ಹಳೆಯ ಸ್ಲಾಟ್‌ಗಳಲ್ಲಿ ಅದು ಕೂರುವುದಿಲ್ಲ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಚಿಪ್‌ಗಳಲ್ಲಂತೂ ಮೆಮೊರಿ ಪ್ರೊಸೆಸರ್ ಪ್ಯಾಕೇಜಿನ ಮೇಲೇ ಇದೆ. 16 ಅಥವಾ 32 ಜಿಬಿ, ಅಷ್ಟೇ. ಬ್ಯಾಟರಿ ಚೆನ್ನಾಗಿ ಬರುತ್ತದೆ, ನಿಜ. ಆದರೆ 32 ದಾಟುವ ದಾರಿಯೇ ಇಲ್ಲ.

ಇದಕ್ಕೊಂದು ಪರಿಹಾರವೂ ಹುಟ್ಟಿದೆ. ಸಿಎಎಂಎಂ2 ಎಂಬ ಮಟ್ಟಸವಾದ ಮಾಡ್ಯೂಲ್ ಅನ್ನು ಸ್ಕ್ರೂ ಹಾಕಿ ಕೂರಿಸಬಹುದು. ಜೆಡೆಕ್ ಸಂಸ್ಥೆ ಇದರ ಮಾನದಂಡವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಥಿಂಕ್‌ಪ್ಯಾಡ್ ಪಿ1ರ ಏಳನೇ ಪೀಳಿಗೆ ಇದರ ಎಲ್‌ಪಿಡಿಡಿಆರ್ ರೂಪದೊಂದಿಗೆ ಬಂತು. ಇದು ಎಲ್ಲ ಬಿಸಿನೆಸ್ ಲ್ಯಾಪ್‌ಟಾಪ್‌ಗಳಿಗೂ ಬರಲಿ ಎಂಬುದು ನನ್ನ ಆಸೆ.

ಹಾಗಾದರೆ ಎಷ್ಟು ಕೊಳ್ಳಬೇಕು? ರ‍್ಯಾಮ್ ಬೆಸೆದಿದ್ದರೆ 16 ಜಿಬಿಗಿಂತ ಕೆಳಗೆ ಹೋಗಲೇಬೇಡಿ. ಬಜೆಟ್ ಒಗ್ಗಿದರೆ 32. ಬ್ರೌಸರ್, ವಿಡಿಯೊ ಮೀಟಿಂಗ್, ಸ್ಪ್ರೆಡ್‌ಶೀಟ್ ಒಟ್ಟಿಗೆ ತೆರೆದರೆ 8 ಜಿಬಿ ಇವತ್ತೇ ಒದ್ದಾಡುತ್ತದೆ. ಎರಡು ಸ್ಲಾಟ್ ಇದ್ದರೆ ಚಿಂತೆಯಿಲ್ಲ, 16ರಿಂದ ಶುರುಮಾಡಿ. ಆಗ ಒಂದೇ ಸ್ಲಾಟ್‌ನಲ್ಲಿ ಒಂದು 16 ಇರಲಿ, ಇನ್ನೊಂದು ಖಾಲಿ ಇರಲಿ. ಎರಡು 8 ಇದ್ದರೆ ಮುಂದೆ ಅವನ್ನು ತೆಗೆದು ಬದಿಗಿಡಬೇಕಾಗುತ್ತದೆ. ಒಂದೇ ಮಾಡ್ಯೂಲ್ ಇದ್ದಾಗ ಗ್ರಾಫಿಕ್ಸ್ ಸ್ವಲ್ಪ ನಿಧಾನ ಎನ್ನುವುದೂ ಗೊತ್ತಿರಲಿ. ಪ್ರೊಸೆಸರ್‌ನ ಒಳಗಿರುವ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ, ಅದಕ್ಕೆ ಎರಡೂ ಚಾನೆಲ್ (ಮೆಮೊರಿಗೆ ಹೋಗುವ ದಾರಿ) ತುಂಬಿದ್ದರೆ ಒಳ್ಳೆಯದು.

ಡಿಡಿಆರ್4 ಮತ್ತು ಡಿಡಿಆರ್5 ಮೆಮೊರಿಯ ಎರಡು ಪೀಳಿಗೆಗಳು, ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ.

ಹೆಜ್ಜೆ 3: ಸ್ಟೋರೇಜ್‌ಗೆ ಕಂಪನಿ ಕೇಳಿದಷ್ಟು ಕೊಡಬೇಡಿ

ಇಲ್ಲಿ ಉಳಿತಾಯ ಸುಲಭ. ಹೆಚ್ಚಿನ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ (ಫೈಲ್‌ಗಳು ಕೂರುವ ಡ್ರೈವ್) ಎಂ.2 ಎಂಬ ಸ್ಲಾಟ್‌ನಲ್ಲಿ ಒಂದೇ ಸ್ಕ್ರೂನಲ್ಲಿ ನಿಂತಿರುತ್ತದೆ. ಚಿಕ್ಕದರೊಂದಿಗೆ ಕೊಂಡು, ಬೇಕಾದಾಗ ದೊಡ್ಡದು ಹಾಕಿಕೊಳ್ಳಿ. ಉದ್ದ ಮಾತ್ರ ನೋಡಬೇಕು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ತೆಳು ಮಾದರಿಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಯುತ್ತದೆ. ಎರಡೂ ಮುಖದಲ್ಲಿ ಚಿಪ್ ಇರುವ ದಪ್ಪ ಎಸ್‌ಎಸ್‌ಡಿ ಅಲ್ಲಿ ಕೂರದೇ ಹೋಗಬಹುದು. ಆಪಲ್ ಮ್ಯಾಕ್‌ಬುಕ್‌ಗಳು ಈ ಮಾತಿಗೆ ಹೊರತು. ಅಲ್ಲಿ ಸ್ಟೋರೇಜ್ ಕೂಡ ಬೆಸೆದದ್ದೇ, ಎಷ್ಟು ಬೇಕೋ ಮೊದಲೇ ಲೆಕ್ಕ ಹಾಕಿ.

ಹೆಜ್ಜೆ 4: ಬದಲಾಗದ ಭಾಗಗಳನ್ನು ಈಗಲೇ ಸರಿಯಾಗಿ ಆರಿಸಿ

ಪ್ರೊಸೆಸರ್ ಬದಲಾಯಿಸುವ ಕಾಲ ಮುಗಿದಿದೆ. ಇಂಟೆಲ್‌ನ ನಾಲ್ಕನೇ ಪೀಳಿಗೆಯವರೆಗೆ, ಅಂದರೆ 2013ರ ಹೊತ್ತಿನವರೆಗೆ, ಸಾಕೆಟ್ ಇರುವ ಲ್ಯಾಪ್‌ಟಾಪ್‌ಗಳಿದ್ದವು. ಆಮೇಲೆ ಹೆಚ್ಚುಕಡಿಮೆ ಎಲ್ಲವೂ ಬೆಸುಗೆಯೇ. ಆದರೂ ತೀರಾ ಮೇಲಿನ ಪ್ರೊಸೆಸರ್‌ಗೆ ದುಡ್ಡು ಸುರಿಯಬೇಡಿ ಎನ್ನುತ್ತೇನೆ. ತೆಳು ದೇಹದಲ್ಲಿ ಫ್ಯಾನ್ ಎಷ್ಟು ಬಿಸಿ ಹೊರಹಾಕಬಲ್ಲದೋ ಅಷ್ಟೇ ವೇಗ ನಿಮ್ಮದು. ಮಧ್ಯಮ ಪ್ರೊಸೆಸರ್ ಜೊತೆಗೆ ಜಾಸ್ತಿ ರ‍್ಯಾಮ್ ಇದ್ದರೆ ಆಫೀಸ್ ಕೆಲಸಕ್ಕೆ ಹೆಚ್ಚು ಕಾಲ ಬಾಳುತ್ತದೆ.

ಥಂಡರ್‌ಬೋಲ್ಟ್ ಎಂಬ ಅತಿ ವೇಗದ ಪೋರ್ಟನ್ನೂ ಆಮೇಲೆ ಸೇರಿಸಲು ಬರುವುದಿಲ್ಲ. ಇಂಟೆಲ್‌ನ ವಿಪ್ರೊ (vPro) ಎಂಬ ನಿರ್ವಹಣಾ ಸೌಲಭ್ಯ ಕೂಡ ಹಾಗೆಯೇ. ದೂರದಿಂದ ನೂರಾರು ಯಂತ್ರ ನಿಭಾಯಿಸುವ ಐಟಿ ವಿಭಾಗಕ್ಕೆ ಅದು ಬೇಕು. ಒಬ್ಬರೇ ಬಳಸುವುದಾದರೆ ಸುಮ್ನೆ ಖರ್ಚು.

ಚಾರ್ಜಿಂಗ್ ಪೋರ್ಟ್ ಮೇಲೂ ಒಂದು ಕಣ್ಣಿರಲಿ. ದಿನಾ ಹಾಕಿ ತೆಗೆದು ಯುಎಸ್‌ಬಿ-ಸಿ ಪೋರ್ಟ್ ಸಡಿಲವಾಗುತ್ತದೆ. ಅದು ಮದರ್‌ಬೋರ್ಡ್ ಮೇಲಿದ್ದರೆ ಕೆಲವೊಮ್ಮೆ ಬೋರ್ಡನ್ನೇ ಬದಲಾಯಿಸಿ ಎನ್ನುತ್ತಾರೆ. ಡೆಲ್ 2025ರಲ್ಲಿ ತನ್ನ ಕೆಲವು ಮಾದರಿಗಳಿಗೆ ಸ್ಕ್ರೂನಿಂದ ಬಿಚ್ಚುವ ಯುಎಸ್‌ಬಿ-ಸಿ ಪೋರ್ಟ್ ತಂದಿತು. ಫ್ರೇಮ್‌ವರ್ಕ್ ಕಂಪನಿ 2021ರಿಂದಲೇ ಪೋರ್ಟ್‌ಗಳನ್ನು ಕಳಚಿ ಹಾಕುವ ಕಾರ್ಡ್‌ಗಳಾಗಿ ಕೊಡುತ್ತಿದೆ. ಅದೇ ದೇಹದಲ್ಲಿ ಹೊಸ ಮದರ್‌ಬೋರ್ಡ್ ಹಾಕಿಕೊಳ್ಳಲೂ ಬಿಡುತ್ತದೆ.

ಪರದೆ ಮಧ್ಯದಲ್ಲಿ ಬರುವ ಭಾಗ. ಬದಲಾಯಿಸಬಹುದು, ಆದರೆ ಹೊಸ ಪ್ಯಾನೆಲ್‌ಗೆ ಕೆಲವೊಮ್ಮೆ 30 ಪಿನ್ ಬದಲು 40 ಪಿನ್ ಕೇಬಲ್ ಬೇಕಾಗುತ್ತದೆ. ಕಡಿಮೆ ಬೆಲೆಯ ಆವೃತ್ತಿಗಳಲ್ಲಿ 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಅಳತೆ) ಎಂದು ಬರೆದ ಪ್ಯಾನೆಲ್ ಇರುತ್ತದೆ. ಅದರಲ್ಲಿ ಬಣ್ಣ ಪೇಲವ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡುತ್ತೀರಿ ಅಲ್ವಾ? 400 ನಿಟ್ಸ್ ಬೆಳಕು, 100% ಎಸ್‌ಆರ್‌ಜಿಬಿ ಬಣ್ಣ ಇರುವುದನ್ನೇ ಮೊದಲೇ ಆರಿಸಿ.

ಹೆಜ್ಜೆ 5: ಸವೆಯುವ ಭಾಗಗಳು

ಬ್ಯಾಟರಿ ಸವೆದೇ ಸವೆಯುತ್ತದೆ. ಹೊರಗಿನಿಂದ ಬ್ಯಾಟರಿ ಬದಲಿಸುವ ಅನುಕೂಲ ಟಿ ಸರಣಿಯಲ್ಲಿ 2018ರ ಥಿಂಕ್‌ಪ್ಯಾಡ್ ಟಿ480ಗೇ ಕೊನೆಯಾಯಿತು. ಈಗ ಬ್ಯಾಟರಿ ಒಳಗಿದ್ದರೂ, ಸ್ಕ್ರೂಗಳಲ್ಲಿ ನಿಂತಿದ್ದರೆ ಸಾಕು. ಗಮ್ ಹಾಕಿ ಅಂಟಿಸಿದ್ದು ಬೇಡ. ಸದಾ ಚಾರ್ಜರ್‌ನಲ್ಲೇ ಕೆಲಸ ಮಾಡುವವರು ಚಾರ್ಜ್ ಮಿತಿಯನ್ನು 80%ಗೆ ಇಡಿ, ಬಾಳಿಕೆ ಹೆಚ್ಚುತ್ತದೆ. ಟಚ್‌ಪ್ಯಾಡ್ ಮೇಲೆ ಉಬ್ಬಿ ಬಂದರೆ ಬ್ಯಾಟರಿ ಊದಿರಬಹುದು. ಅವತ್ತೇ ಬಳಸುವುದನ್ನು ನಿಲ್ಲಿಸಿ.

ವೈ-ಫೈ ಕಾರ್ಡ್ ಕೆಲವದರಲ್ಲಿ ಬದಲಾಗುತ್ತದೆ. ಇಂಟೆಲ್ ಎಎಕ್ಸ್211 ಇಂಟೆಲ್ ಪ್ರೊಸೆಸರ್ ಜೊತೆಗೆ ಮಾತ್ರ ನಡೆಯುತ್ತದೆ, ಎಎಕ್ಸ್210 ಎಎಂಡಿಯಲ್ಲೂ ನಡೆಯುತ್ತದೆ. ಮುಂದೆ ಸಿಮ್ ಕಾರ್ಡ್ ಬೇಕಾಗಬಹುದು ಎನಿಸಿದರೆ ಅದರ ಆಂಟೆನಾ ಈಗಲೇ ಇರುವ ಆವೃತ್ತಿ ಕೊಳ್ಳಿ. ಸ್ಲಾಟ್ ಇದ್ದು ಆಂಟೆನಾ ತಂತಿ ಇಲ್ಲದಿದ್ದರೆ ಕೆಲಸವೇ ಆಗದು.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ಆದರೆ ಈ ಪರೀಕ್ಷೆ

ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ಬಹಳ ಒಳ್ಳೆಯ ಆಯ್ಕೆ. ಆದರೆ ದುಡ್ಡು ಕೊಡುವ ಮೊದಲು ಬಯೋಸ್ (ವಿಂಡೋಸ್‌ಗೂ ಮೊದಲೇ ತೆರೆಯುವ ಸೆಟಪ್ ಪರದೆ) ತೆರೆದು ನೋಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಕೈಬಿಡಿ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್‌ನೆಟ್‌ಗೆ ಸೇರಿಸಿದಾಗ ಹಳೆಯ ಕಂಪನಿಯ ಹೆಸರು ಬಂದು ಲಾಗಿನ್ ಕೇಳಿದರೂ ಅಷ್ಟೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಜೊತೆಗೆ ಮಾನ್ಯ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಗಿಂತ ಹಳೆಯದು ಬೇಡ.

ಹೆಜ್ಜೆ 7: ಕವರ್ ತೆರೆಯುವಾಗ

ಮೊದಲು ಬ್ಯಾಕಪ್. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ ರಿಕವರಿ ಕೀ ಬೇರೆ ಕಡೆ ಬರೆದಿಡಿ. ಒಳಗಿನ ಬದಲಾವಣೆ ಕಂಡು ವಿಂಡೋಸ್ ಆ ಕೀ ಕೇಳಬಹುದು. ಇಲ್ಲದಿದ್ದರೆ ಡೇಟಾ ಹೋದಂತೆಯೇ. ವಾರಂಟಿ ಷರತ್ತನ್ನೂ ಓದಿಕೊಳ್ಳಿ.

ಚಾರ್ಜರ್ ತೆಗೆಯಿರಿ. ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಸಾಲದು. ಥಿಂಕ್‌ಪ್ಯಾಡ್‌ಗಳ ಬಯೋಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ನಿಲ್ಲಿಸುವ ಆಯ್ಕೆ ಇದೆ, ಅದನ್ನು ಬಳಸಿ. ಕವರ್ ತೆಗೆದ ಮೇಲೆ ಬ್ಯಾಟರಿ ಕನೆಕ್ಟರ್ ಬಿಚ್ಚಿ, ಆಮೇಲೆ ಬೇರೆ ಭಾಗ ಮುಟ್ಟಿ. ಕವರ್ ಸ್ಕ್ರೂಗಳು ಹಲವು ಮಾದರಿಗಳಲ್ಲಿ ಪೂರ್ತಿ ಹೊರಗೆ ಬರುವುದಿಲ್ಲ, ಎಳೆಯಬೇಡಿ. ಅಂಚನ್ನು ಪ್ಲಾಸ್ಟಿಕ್ ತುಂಡಿನಿಂದ ಬಿಡಿಸಿ. ರ‍್ಯಾಮನ್ನು ಓರೆಯಾಗಿ ಒಳಗೆ ತಳ್ಳಿ, ಕೆಳಗೆ ಒತ್ತಿ. ಎರಡೂ ಬದಿಯ ಕೊಂಡಿ ಟಕ್ ಎನ್ನಬೇಕು.

ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಯಂತ್ರ ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ, ಕೆಲವು ನಿಮಿಷ ಕಾಯಿರಿ. ಆನ್ ಆದ ಮೇಲೆ ಬಯೋಸ್‌ನಲ್ಲಿ ಪೂರ್ತಿ ಗಾತ್ರ ಕಾಣುತ್ತಿದೆಯಾ ನೋಡಿ. ಆಮೇಲೆ ಒಂದು ರಾತ್ರಿ ಮೆಮೊರಿ ಟೆಸ್ಟ್ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಆ ಮಾಡ್ಯೂಲನ್ನು ವಾಪಸ್ ಕೊಡಿ.